ಕ್ರೆಡಿಟ್ ಆಯಿತು, ಕ್ಲಿಯರ್ ಆಯಿತೇ?

ಹಾಸನದ ಆ ಹುಡುಗ ಎಂ.ಎಸ್. ಓದಲು ಟೆಕ್ಸಾಸಿಗೆ ಹೋಗಿ ಮೂರು ತಿಂಗಳಾಗಿತ್ತು. 2025ರ ನವೆಂಬರಿನಲ್ಲಿ ಅವನ ಹೆಸರಿಗೆ ಅಂಚೆಯಲ್ಲಿ 4,800 ಡಾಲರಿನ ಒಂದು ಚೆಕ್ಕು ಬಂತು. ರೂಪಾಯಿಗೆ ತಿರುಗಿಸಿದರೆ ನಾಲ್ಕು ಲಕ್ಷಕ್ಕೂ ಮೇಲೆ. ಅದೂ ಸಾಮಾನ್ಯ ಚೆಕ್ಕಲ್ಲ. ಇಲ್ಲಿಯ ಪೇ ಆರ್ಡರಿನ ಹಾಗೆ ಬ್ಯಾಂಕು ತನ್ನ ಹಣದ ಮೇಲೇ ಬರೆದುಕೊಡುವ 'ಕ್ಯಾಷಿಯರ್ಸ್ ಚೆಕ್'. ದಪ್ಪ ಕಾಗದ, ದೊಡ್ಡ ಬ್ಯಾಂಕಿನ ಹೆಸರು, ಕೆಳಗೆ ಒಂಬತ್ತು ಅಂಕಿಯ ಸಂಖ್ಯೆ, ಎಲ್ಲವೂ ಅಚ್ಚುಕಟ್ಟು.

ಕಳಿಸಿದವರನ್ನು ಅವನು ಕಂಡಿರಲಿಲ್ಲ. ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂದು ಹೇಳಿಕೊಂಡವರೊಬ್ಬರು ಇ-ಮೇಲ್ ಬರೆದು, ರೂಮಿನಲ್ಲೇ ಕೂತು ಮಾಡುವ ಸಹಾಯಕನ ಕೆಲಸ ಕೊಟ್ಟಿದ್ದರು. ಚೆಕ್ಕಿನಲ್ಲಿ 600 ಡಾಲರ್ ಅವನ ಸಂಬಳ. ಉಳಿದ 4,200ನ್ನು ಕಚೇರಿಗೆ ಸಾಮಾನು ಒದಗಿಸುವವರಿಗೆ ಅವನು ಕಳಿಸಬೇಕು, ಅಷ್ಟೇ.

ಅವನೇನು ದಡ್ಡನಲ್ಲ. ಹಣ ಮೊದಲು ಬರಲಿ, ಆಮೇಲೆ ಕಳಿಸಿದರಾಯಿತು ಎಂದುಕೊಂಡ. ಬ್ಯಾಂಕಿಗೆ ಹೋಗಿ, ಅಲ್ಲಿಯ ಪದ್ಧತಿಯಂತೆ ಚೆಕ್ಕಿನ ಹಿಂಬದಿಗೆ ಸಹಿ ಹಾಕಿ, ಕೌಂಟರಿನಲ್ಲಿ ಕೊಟ್ಟು ಬಂದ. ಮರುದಿನ ಬೆಳಿಗ್ಗೆ ಫೋನಿನಲ್ಲಿ ನೋಡಿದರೆ ಪೂರ್ತಿ 4,800 ಖಾತೆಯಲ್ಲಿತ್ತು. ಅವನದೇ 2,300 ಸೇರಿ 7,100. ಇನ್ನೇನು ಅನುಮಾನ? ಮೊದಲ ಕಂತೆಂದು 1,500 ಡಾಲರನ್ನು ಫೋನಿನಿಂದಲೇ ದಾಟಿಸಿದ.

ಆ ರಾತ್ರಿ ಊರಿನಿಂದ ಫೋನು ಬಂತು. ಮಗ ಉತ್ಸಾಹದಲ್ಲಿ ಚೆಕ್ಕಿನ ಫೋಟೋ ಕಳಿಸಿದ್ದ. ಅಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮೊದಲು ತಾರೀಕು ನೋಡಿ ಗಾಬರಿಯಾದರು. 11/04 ಎಂದಿತ್ತು, ಏಪ್ರಿಲ್ ಚೆಕ್ಕು ಹಳಸಿಹೋಗಿದೆಯಲ್ಲ! ಅಮೆರಿಕದಲ್ಲಿ ತಿಂಗಳು ಮೊದಲು ಬರೆಯುತ್ತಾರೆ, ಇದು ನವೆಂಬರ್ 4 ಎಂದು ಮಗ ನಕ್ಕ.

"ಸರಿ, ಕ್ಲಿಯರ್ ಆಯ್ತೇನೋ?"

"ಆಯ್ತಪ್ಪ, ಬ್ಯಾಲೆನ್ಸ್ ತೋರಿಸ್ತಾ ಇದೆ."

"ತೋರಿಸೋದು ಬೇರೆ ಕಣೋ. ಚೆಕ್ ಬರೆದ ಬ್ಯಾಂಕು ದುಡ್ಡು ಕೊಡ್ತಾ ಅಂತ ಕೇಳ್ತಾ ಇರೋದು."

ಮಗನ ಬಳಿ ಉತ್ತರವಿರಲಿಲ್ಲ.

ಅಪ್ಪ ಕೆಲಸಕ್ಕೆ ಸೇರಿದ ಕಾಲದಲ್ಲಿ ಪರಊರಿನ ಚೆಕ್ಕು ಅಂಚೆಯಲ್ಲಿ ಹೋಗಿ, ಆ ಬ್ಯಾಂಕು ಒಪ್ಪಿ, ಹಣ ಬಂದಿತೆಂಬ ಕಾಗದ ಕೈಸೇರಿದ ಮೇಲೇ ಗಿರಾಕಿಯ ಖಾತೆಗೆ ಜಮಾ. ವಾರಗಟ್ಟಲೆ ಕಾಯಬೇಕಿತ್ತು, ಗಿರಾಕಿಗಳು ಬೈಯುತ್ತಿದ್ದರು. ಆದರೆ ಪಾಸ್‌ಬುಕ್ಕಿನಲ್ಲಿ ಹಣ ಬಿತ್ತೆಂದರೆ ಅದು ನಿಮ್ಮದೇ ಎಂಬ ನಂಬಿಕೆ ಇಲ್ಲಿಯ ಮನೆಗಳಲ್ಲಿ ಬೇರೂರಿದ್ದು ಹಾಗೆ. ಹುಡುಗ ವಿಮಾನ ಹತ್ತುವಾಗ ಉಪ್ಪಿನಕಾಯಿಯ ಜೊತೆ ಆ ನಂಬಿಕೆಯನ್ನೂ ಕಟ್ಟಿಕೊಂಡು ಹೋಗಿದ್ದ.

ಅಮೆರಿಕದಲ್ಲಿ ಸಂಗತಿ ತಿರುವುಮುರುವು. ಅಲ್ಲಿಯ ಬ್ಯಾಂಕುಗಳು ಜನರ ಚೆಕ್ಕನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತವೆಂಬ ದೂರು ಹೆಚ್ಚಿ, 1987ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು: ಚೆಕ್ಕು ನಿಜವಾಗಿ ಇತ್ಯರ್ಥವಾಗಲಿ ಬಿಡಲಿ, ಇಷ್ಟು ದಿನದೊಳಗೆ ಗಿರಾಕಿಗೆ ಹಣ ಬಳಸಲು ಬಿಡಬೇಕು. ಕೌಂಟರಿನಲ್ಲೇ ಕೊಟ್ಟ ಕ್ಯಾಷಿಯರ್ಸ್ ಚೆಕ್ಕಿಗೆ ಸಾಮಾನ್ಯವಾಗಿ ಮರುದಿನವೇ. ಗಿರಾಕಿಗೆ ಉಪಕಾರವೇ, ಸುಳ್ಳಲ್ಲ. ಆದರೆ ಖಾತೆಯಲ್ಲಿ ಕಾಣುವ ಆ ಹಣ ಒಂದು ರೀತಿಯಲ್ಲಿ ಬ್ಯಾಂಕು ಕೊಟ್ಟ ಕೈಗಡ. ಚೆಕ್ಕು ಖೋಟಾ ಎಂದು ತಿಳಿಯಲು ಎಷ್ಟೋ ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ತಿಳಿದಾಗ ಬ್ಯಾಂಕು ಹಣ ವಾಪಸು ಎಳೆದುಕೊಳ್ಳುವುದು ಚೆಕ್ಕು ಕಟ್ಟಿದವನಿಂದ. ಮೋಸಗಾರರಿಗೆ ಈ ಚೆಕ್ಕೇ ಅಚ್ಚುಮೆಚ್ಚಾಗಿರುವುದು ಸುಮ್ಮನೆ ಅಲ್ಲ.

ಹಿಂದೆ ಅಲ್ಲಿ ಚೆಕ್ಕುಗಳ ಗಂಟನ್ನೇ ವಿಮಾನದಲ್ಲಿ ಊರಿಂದೂರಿಗೆ ಒಯ್ಯುತ್ತಿದ್ದರು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನಗಳು ನೆಲದಲ್ಲೇ ನಿಂತಾಗ ಗಂಟುಗಳೂ ನಿಂತವು. 2004ರಿಂದ ಜಾರಿಗೆ ಬಂದ ಇನ್ನೊಂದು ಕಾನೂನಿನಿಂದಾಗಿ ಈಗ ಹೆಚ್ಚಾಗಿ ಚಿತ್ರಗಳೇ ಓಡಾಡುತ್ತವೆ. ಓಡಾಟ ಚುರುಕಾಯಿತು; ಖೋಟಾ ಪತ್ತೆಯಾಗುವುದು ಮಾತ್ರ ಇನ್ನೂ ನಿಧಾನವೇ.

"ಇನ್ನು ಒಂದು ಡಾಲರೂ ಕಳಿಸಬೇಡ. ಚೆಕ್ ಬರೆದ ಬ್ಯಾಂಕಿಗೇ ಫೋನ್ ಮಾಡು. ಚೆಕ್ಕಿನ ಮೇಲಿರೋ ನಂಬರಿಗಲ್ಲ, ನೀನೇ ಹುಡುಕಿದ ನಂಬರಿಗೆ," ಎಂದರು ಅಪ್ಪ. ಮರುದಿನ ಮಾಡಿದ. ಆ ಸಂಖ್ಯೆಯ ಚೆಕ್ಕನ್ನು ತಾವು ಕೊಟ್ಟೇ ಇಲ್ಲ ಎಂಬ ಉತ್ತರ ಬಂತು. ಎಂಟು ದಿನದ ಮೇಲೆ ಖಾತೆಯಿಂದ 4,800 ಹೊರಟುಹೋಯಿತು. ಉಳಿದದ್ದು 800, ಅದರಲ್ಲೂ ವಾಪಸು ಚೆಕ್ಕಿನ ಶುಲ್ಕ ಕಳೆದು. ಹೋದ 1,500 ಅಪ್ಪ ಕೊಟ್ಟು ಕಳಿಸಿದ್ದ ಬಾಡಿಗೆ ಹಣ.

ಅದಕ್ಕಿಂತ ಕೆಟ್ಟದ್ದು ಆಮೇಲಿನ ಮೂರು ದಿನ. ವಿದ್ಯಾರ್ಥಿ ವೀಸಾದವರು ಓದು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಹೊರಗಿನ ಕೆಲಸಕ್ಕೆ ಅನುಮತಿ ಬೇಕು. ತಾನು ಮಾಡಲು ಹೊರಟಿದ್ದು ಯಾವುದು? ದೂರು ಕೊಟ್ಟರೆ ವೀಸಾಕ್ಕೇ ಕುತ್ತು ಬಂದರೆ? ರೂಮಿನ ಗೆಳೆಯರಿಗೂ ಹೇಳದೆ ಒಳಗೊಳಗೇ ಬೆಂದ. ಇಂಥ ವಂಚಕರು ನೆಚ್ಚಿಕೊಳ್ಳುವುದು ಈ ಬಾಯಿಬಿಡದ ಭಯವನ್ನೇ. ಕೊನೆಗೆ ಅಮ್ಮ ಫೋನಿನಲ್ಲಿ ದನಿ ಕೇಳಿಯೇ ಹಿಡಿದು, "ಊಟ ಬಿಟ್ಟಿದೀಯ ಅಲ್ವಾ? ಹೋಗಿ ಹೇಳು ಮೊದಲು," ಎಂದರು. ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಹೆಂಗಸು ಇವನು ಮಾತು ಮುಗಿಸುವ ಮೊದಲೇ ಡ್ರಾಯರಿನಿಂದ ಒಂದು ಫಾರಂ ತೆಗೆದರು. ಆ ಸೆಮಿಸ್ಟರಿನಲ್ಲಿ ಇವನು ಮೊದಲನೆಯವನಲ್ಲ.

ಅಪ್ಪ ಬಾಡಿಗೆ ಮತ್ತೆ ಕಳಿಸಿದರು. ಬೈಯಲಿಲ್ಲ, ಅದು ಮಗನಿಗೆ ಇನ್ನೂ ಕಷ್ಟವಾಯಿತು.

ಮುಂದಿನ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯವೇ ವಿದ್ಯಾರ್ಥಿವೇತನದ 7,900 ಡಾಲರಿನ ಚೆಕ್ಕು ಕೊಟ್ಟಿತು. ಅಲ್ಲಿಯ ನಿಯಮದಂತೆ 6,725 ಡಾಲರ್ ಮೀರಿದ ಮೊತ್ತವನ್ನು ಬ್ಯಾಂಕು ಇನ್ನಷ್ಟು ದಿನ ತಡೆಹಿಡಿಯಬಹುದು. ಹಿಡಿಯಿತು. ಜೊತೆಯ ಹುಡುಗರಾಗಿದ್ದರೆ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತಿದ್ದರು.

"ಅಪ್ಪ, ಬ್ಯಾಂಕಿನವರು ದುಡ್ಡು ಹಿಡ್ಕೊಂಡಿದಾರೆ," ಎಂದ ಮಗ.

"ಹಿಡ್ಕೊಳ್ಳಲಿ ಬಿಡು," ಎಂದರು ಅಪ್ಪ. "ಅಲ್ಲಿ ಚಳಿ ಹೇಗಿದೆ?"