ಅಪ್ಪ ಶಿಬುಯಾ ದಾಟಿದ್ದು

ಸಮ್ಮೇಳನದಲ್ಲಿ ನನ್ನ ಪ್ರಬಂಧಕ್ಕೆ ಸಿಕ್ಕಿದ್ದು ಹದಿನೈದು ನಿಮಿಷ. ಅದು ಮುಗಿದ ಸಂಜೆ, ಟೋಕಿಯೋಗೆ ಬಂದವರೆಲ್ಲ ಮಾಡುವ ಹಾಗೆ, ನಾನೂ ಶಿಬುಯಾ ಕ್ರಾಸಿಂಗ್ ನೋಡಲು ಹೋದೆ. ಜನ ರಸ್ತೆ ದಾಟುವುದನ್ನು ನೋಡಲು ಬೆಂಗಳೂರು ಬಿಟ್ಟು ಇಷ್ಟು ದೂರ ಬರಬೇಕಿತ್ತಾ ಎಂದು ಒಳಗೊಳಗೇ ನಗು ಬರುತ್ತಿತ್ತು.

ರೈಲು ನಿಲ್ದಾಣದಿಂದ ಹೊರಬಂದರೆ ಹಚಿಕೋ ಎಂಬ ನಾಯಿಯ ಪ್ರತಿಮೆ. ಅದರ ಒಡೆಯ ಉಯೆನೊ ಕೃಷಿ ವಿಭಾಗದ ಪ್ರಾಧ್ಯಾಪಕ. ಅವರು 1925ರಲ್ಲಿ ತೀರಿಕೊಂಡರು. ನಾಯಿ ಮಾತ್ರ 1935ರಲ್ಲಿ ತಾನು ಸಾಯುವವರೆಗೂ ಇಲ್ಲಿಗೆ ಬಂದು ಅವರಿಗಾಗಿ ಕಾಯುತ್ತಿತ್ತು. (ಪ್ರೊಫೆಸರಿಗಾಗಿ ಕಾಯುವುದರಲ್ಲಿ ನಾವು ಪಿಎಚ್‌ಡಿಯವರೂ ಕಮ್ಮಿಯೇನಲ್ಲ.) ಮೊದಲ ಪ್ರತಿಮೆಯನ್ನು ಯುದ್ಧಕಾಲದಲ್ಲಿ ಕರಗಿಸಿಬಿಟ್ಟರಂತೆ; ಈಗಿರುವುದು 1948ರದ್ದು.

ನಾಯಿಯ ಪಕ್ಕ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಸಂಜೆ ಏಳು, ಊರಲ್ಲಿ ಮೂರೂವರೆ.

ಅಪ್ಪನ ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಬಸ್ಸಿಗೆ ಅಡ್ಡಹಾಕುವ ಹಾಗೆ ಎತ್ತಿ, ಲಾರಿಯೆದುರೂ ನಡೆದುಬಿಡುತ್ತಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಮನೆಯೆದುರೇ ಬೈಕೊಂದು ಬಡಿಯಿತು. ಕಾಲಿಗೆ ರಾಡು ಹಾಕಿದರು, ಮೂಳೆ ಕೂಡಿತು, ನಡೆದಾಡುತ್ತಾರೆ. ಆದರೆ ರಸ್ತೆ ದಾಟುವುದಿಲ್ಲ. ಎದುರುಗಡೆಯ ಹಾಲಿನಂಗಡಿಗೂ ಯಾರಾದರೂ ಜೊತೆಗೆ ಬರಲಿ ಎಂದು ಗೇಟಿನ ಬಳಿ ನಿಂತಿರುತ್ತಾರೆ. ಯಾಕೆ ನಿಂತಿದೀರಿ ಅಂದರೆ, ಸುಮ್ನೆ ಗಾಳಿಗೆ, ಅನ್ನುತ್ತಾರೆ.

ಫೋನನ್ನು ರಸ್ತೆಯ ಕಡೆ ತಿರುಗಿಸಿದೆ. ಎಲ್ಲ ದಿಕ್ಕಿನ ಗಾಡಿಗಳೂ ಒಟ್ಟಿಗೇ ನಿಂತವು. ಎಲ್ಲ ಮೂಲೆಗಳಿಂದಲೂ ಜನ ಇಳಿದರು. ನೇರಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಸಾವಿರಾರು ಜನ, ಒಬ್ಬರಿಗೊಬ್ಬರು ತಾಗುತ್ತಿಲ್ಲ. ನಾನೂ ಇಳಿದೆ.

"ಗಾಡಿಗಳೆಲ್ಲಿ?"

"ನಿಂತಿವೆ."

"ಎಲ್ಲವೂ?"

"ಎಲ್ಲವೂ ಅಪ್ಪ."

ಆ ಕಡೆಯಿಂದ ಮಾತಿಲ್ಲ. ನಡುರಸ್ತೆಯಲ್ಲಿ ನೋಡಿಕೊಂಡರೆ ನನ್ನ ಖಾಲಿ ಕೈ ಅರ್ಧ ಮೇಲೆದ್ದಿದೆ! ಅಷ್ಟು ಜನರಲ್ಲಿ ಕೈಯೆತ್ತಿಕೊಂಡು ನಡೆಯುತ್ತಿದ್ದವಳು ನಾನೊಬ್ಬಳೇ. ನಾಚಿಕೆಯಾಗಿ ಇಳಿಸಿದೆ. ಹಸಿರು ದೀಪ ಮಿಣುಕತೊಡಗಿತು. ಅದನ್ನು ಜಪಾನೀಯರು ನೀಲಿ ಎನ್ನುತ್ತಾರೆ, ಆ ಸ್ವಾರಸ್ಯವನ್ನು ಅಪ್ಪನಿಗೆ ಹೇಳೋಣ ಅನ್ನುವಷ್ಟರಲ್ಲಿ ಫೋನಿನೊಳಗಿಂದ, "ಓಡು, ಓಡು ಮಗಾ!" ಎಂದು ಕೂಗಿದರು. ಓಡಿದೆ.

ಆಚೆ ದಡದಲ್ಲಿ ಏದುಸಿರು ಬಿಡುತ್ತಾ ಫೋನು ನೋಡಿದರೆ ಪರದೆಯಲ್ಲಿ ಅಪ್ಪನ ಹಣೆ ಮಾತ್ರ ಕಾಣುತ್ತಿತ್ತು. ಅಷ್ಟು ಹತ್ತಿರ ಹಿಡಿದಿದ್ದರು.

"ಇನ್ನೊಂದ್ಸಲ ದಾಟು."

ದಾಟಿದೆ. ಈ ಸಲ "ಬಲಗಡೆ ನೋಡು" ಅಂದರು. ಇಲ್ಲೂ ನಮ್ಮಲ್ಲಿಯಂತೆ ಗಾಡಿಗಳು ಎಡಕ್ಕೇ ಓಡುತ್ತವೆ, ಬಲಕ್ಕೆ ನೋಡಿದೆ. ಟ್ಯಾಕ್ಸಿಯೊಂದು ಗೆರೆಯ ಹಿಂದೆ ಅಲ್ಲಾಡದೆ ನಿಂತಿತ್ತು. ಅದನ್ನೂ ತೋರಿಸಿದೆ.

"ಸಾಕಾ ಅಪ್ಪ? ಚಾರ್ಜ್ ಕಮ್ಮಿ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅವ್ರೆಲ್ಲ ಮೂಲೆಯಿಂದ ಮೂಲೆಗೆ ಹೋಗ್ತಿದ್ರಲ್ಲ," ಅಂದರು, "ಹಂಗೆ ಒಂದ್ಸಲ ಹೋಗೋಣ."

ಮತ್ತೆ ಹಸಿರಿಗೆ ಕಾಯುತ್ತಾ ನಿಂತೆ.