ಸುಸ್ತು ಅಂದ್ರೆ ಹೆಂಗಾಗತ್ತಮ್ಮ?

ಮಕ್ಕಳ ಜೊತೆ ಇರಲೆಂದು ಕರ್ನಾಟಕದಿಂದ ನೊಯಿಡಾ, ಗುರುಗ್ರಾಮದ ಫ್ಲ್ಯಾಟುಗಳಿಗೆ ಬಂದ ಅಮ್ಮಂದಿರಲ್ಲಿ ಹಿಂದಿ ಬಾರದವರು ಡಾಕ್ಟರ ಎದುರು ಸುಮ್ಮನೆ ಕೂರುತ್ತಾರೆ. ಅವರ ಪರವಾಗಿ ಮಗನೋ ಸೊಸೆಯೋ ಮಾತಾಡುತ್ತಾರೆ. ಅಮ್ಮ ಸುಸ್ತು ಅಂದದ್ದು ಹಿಂದಿಯಲ್ಲಿ ‘ಕಮ್‌ಜೋರಿ’ ಆಗುತ್ತದೆ. ಕಮ್‌ಜೋರಿಗೆ ಸಿದ್ಧ ಉತ್ತರವಿದೆ: ಒಂದು ಟಾನಿಕ್ಕು, ಒಂದು ತಿಂಗಳ ವಿಟಮಿನ್ ಮಾತ್ರೆ, ಜೊತೆಗೆ ವಯಸ್ಸಾಯಿತಲ್ಲ ಮಾತಾಜಿ ಎಂಬ ಸಮಾಧಾನ.

ಹಾಸನದ ಕಡೆಯ 68 ವರ್ಷದ ಒಬ್ಬರು ನೊಯಿಡಾದಲ್ಲಿ ಹೀಗೆ ಎರಡು ಚಳಿಗಾಲ ಟಾನಿಕ್ಕು ಕುಡಿದರು. ಊರಲ್ಲಿ ಐದಕ್ಕೇ ಎದ್ದು ಅಂಗಳ ಗುಡಿಸುತ್ತಿದ್ದವರು, ಇಲ್ಲಿ ತಿಂಡಿ ಮುಗಿಸಿ ಮತ್ತೆ ಮಲಗುವಂತಾದರು. ಚಳಿ, ಹೊಗೆ, ಊರಿನ ನೆನಪು ಎಂದುಕೊಂಡರು ಮನೆಯವರು. ರಜೆಗೆ ಬಂದ ಮಗಳು ಮಾತ್ರ, “ಸುಸ್ತು ಅಂದ್ರೆ ಹೆಂಗಾಗತ್ತಮ್ಮ, ಬಿಡಿಸಿ ಹೇಳು” ಎಂದಳು.

“ಮಣೆ ಮೇಲೆ ಕೂತ್ರೆ ಏಳಕ್ಕಾಗಲ್ಲ ಕಣೆ. ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು. ಪಾದ ಯಾವಾಗ್ಲೂ ಜೋಮು ಹಿಡಿದಂಗಿರತ್ತೆ.”

ಒಂದೇ ಮಾತಿನೊಳಗೆ ಮೂರು ತೊಂದರೆಗಳಿದ್ದವು.

ಕೂತಲ್ಲಿಂದ ಏಳಲಾಗದಿದ್ದರೆ ತೊಡೆಯ ಸ್ನಾಯು ಸೋತಿದೆ ಎಂದರ್ಥ. ವಯಸ್ಸಿನ ಜೊತೆ ಸ್ನಾಯು ಕರಗುತ್ತದೆ ನಿಜ. ಆದರೆ ವಿಟಮಿನ್ ಡಿ ಕೊರತೆ, ಪ್ರೋಟೀನ್ ಇಲ್ಲದ ಊಟ, ‘ರೆಸ್ಟ್ ತಗೊಳ್ಳಮ್ಮ’ ಎಂಬ ಅಕ್ಕರೆ ಇವು ಅದನ್ನು ಇನ್ನಷ್ಟು ಕರಗಿಸುತ್ತವೆ. ದೆಹಲಿಯ ಚಳಿಗಾಲದಲ್ಲಿ ಮಧ್ಯಾಹ್ನ ಪಾರ್ಕಿನಲ್ಲಿ ಬಿಸಿಲು ಕಾಯಿಸುವ ಹೆಂಗಸರ ಗುಂಪುಗಳಿರುತ್ತವೆ. ಹಿಂದಿ ಬಾರದ ಅಜ್ಜಿ ಅಲ್ಲಿಗೆ ಇಳಿಯುವುದಿಲ್ಲ. ಮೇಲಿನ ಮಹಡಿಯ ಗಾಜಿನ ಹಿಂದೆ ಕೂರುತ್ತಾಳೆ. ಗಾಜಿನ ಮೂಲಕ ಬಂದ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ಆಗುವುದಿಲ್ಲ.

ಜೋಮಿನ ಕಾರಣ ಬಿ12 ಕೊರತೆ ಇರಬಹುದು. ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ಟ್ರಿಕ್ ಮಾತ್ರೆಗಳೂ ಬಿ12 ಹೀರಿಕೆಯನ್ನು ತಗ್ಗಿಸುತ್ತವೆ. ಸಕ್ಕರೆ ಕಾಯಿಲೆಯಿಂದಲೇ ನರ ಸೋತಿದ್ದರೂ ಜೋಮು ಬರುತ್ತದೆ. ರಕ್ತಪರೀಕ್ಷೆ ಮಾಡಿಸದೆ ಗೊತ್ತಾಗದು.

ಏದುಸಿರಿಗೆ ರಕ್ತಹೀನತೆ ಕಾರಣವಿರಬಹುದು, ಹೃದಯವೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಹೆಂಗಸರ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ವಯಸ್ಸಾಯಿತೆಂದು ಈ ಗೆರೆ ಕೆಳಗಿಳಿಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದಿತು. ಆದರೆ ಅದು ಲೆಕ್ಕ ಹಾಕಿದ್ದು 15ರಿಂದ 49 ವಯಸ್ಸಿನವರನ್ನು. ಹೆರುವ ವಯಸ್ಸು ದಾಟಿದ ಮೇಲೆ ಹೆಣ್ಣಿನ ರಕ್ತ ಆ ಲೆಕ್ಕಕ್ಕೂ ಬರುವುದಿಲ್ಲ.

ಮುಟ್ಟು ನಿಂತು ಇಪ್ಪತ್ತು ವರ್ಷವಾದವರಲ್ಲಿ ಕಬ್ಬಿಣದ ಅಂಶ ಇಳಿದಿದ್ದರೆ ರಕ್ತ ಎಲ್ಲಿ ಹೋಗುತ್ತಿದೆ ಎಂದು ಕೇಳಲೇಬೇಕು. ಹೊಟ್ಟೆಯ ಹುಣ್ಣೋ, ಮೂಲವ್ಯಾಧಿಯೋ, ಕರುಳಿನ ಗಡ್ಡೆಯೋ ಇರಬಹುದು. ಹಾಸನದ ಆ ಅಮ್ಮನ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮಂಡಿನೋವಿಗೆಂದು ಅಂಗಡಿಯಿಂದ ತರಿಸಿ ನುಂಗುತ್ತಿದ್ದ ಮಾತ್ರೆಯ ವಿಷಯ ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಮತ್ತೊಂದು ಚಳಿಗಾಲ ಟಾನಿಕ್ಕಿನಲ್ಲೇ ಕಳೆದಿದ್ದರೆ ಏನಾಗುತ್ತಿತ್ತೋ. ಹುಣ್ಣಿಗೆ ಔಷಧಿ, ಕಬ್ಬಿಣ, ಬಿ12 ಇಂಜೆಕ್ಷನ್, ದಿನಾ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವ ಅಭ್ಯಾಸ. ನಾಲ್ಕು ತಿಂಗಳಲ್ಲಿ ಅಡುಗೆಮನೆ ಮತ್ತೆ ಅವರ ಕೈಗೆ ಬಂತು.

ಎಲ್ಲರ ಸುಸ್ತೂ ಇದೇ ಅಲ್ಲ. ಮೈ ಊದಿ, ಮಲಬದ್ಧತೆಯಾಗಿ, ಚಳಿ ತಡೆಯದಿದ್ದರೆ ಥೈರಾಯ್ಡ್ ನೋಡಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಶುರುವಾದ ಮೇಲೆ ಬಂದ ಸುಸ್ತು, ಮಂಕು, ತೊದಲು ಸೋಡಿಯಂ ಇಳಿದುದರಿಂದ ಇರಬಹುದು. ‘ಯಾವುದೂ ಬೇಡ’ ಎನ್ನುವುದು ಖಿನ್ನತೆಯೂ ಆಗಿರಬಹುದು. ಒಮ್ಮೆಲೇ ಬಂದ ಸುಸ್ತಿನ ಜೊತೆ ಬೆವರು, ಉಸಿರಾಟದ ತೊಂದರೆ, ದವಡೆ ಅಥವಾ ಬೆನ್ನು ನೋವು ಇದ್ದರೆ ಎದೆನೋವಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಉಳಿದಂತೆ ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಅರ್ಧ ಗಂಟೆ ಅಮ್ಮನ ಪಕ್ಕ ಕೂತು ಕನ್ನಡದಲ್ಲೇ ಕೇಳಬೇಕು: ಯಾವಾಗಿನಿಂದ? ಯಾವ ಕೆಲಸ ಈಗ ಆಗುತ್ತಿಲ್ಲ? ಮಲ ಕಪ್ಪಗಿದೆಯಾ? ತೂಕ ಇಳಿದಿದೆಯಾ? ಅವರ ಮಾತನ್ನು ಹಾಗೇ ಬರೆದುಕೊಂಡು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಬೇಕು. ಅಂಗಡಿಯಿಂದ ತರಿಸಿದ್ದನ್ನೂ ಸೇರಿಸಿ.