ಸೊಂಟ ನೋವು ಅಂತ ಕೆಲಸ ಬಿಡಬೇಕಾ?

ನಮ್ಮ ಬಿಡದಿ ಸುತ್ತಮುತ್ತ ಸುಮಾರು ಮನೆಗಳಲ್ಲಿ ಒಬ್ಬರಾದ್ರೂ ಫ್ಯಾಕ್ಟ್ರಿಗೆ ಹೋಗೋರು ಅವ್ರೆ. "ಸೊಂಟ ಹಿಡ್ಕೊಂಡೈತೆ" ಅನ್ನೋ ಮಾತೂ ಅಷ್ಟೇ ಮಾಮೂಲು. ನಮ್ಮ ಸೊಸೆ ಪ್ಯಾಕಿಂಗ್‌ನಲ್ಲಿ ಬಾಕ್ಸು ಎತ್ತಿಡೋಳು. ಮೂರು ತಿಂಗಳಾದ್ರೂ ನೋವು ಬಿಡ್ಲಿಲ್ಲ. ಇಷ್ಟು ದಿನ ಉಳಿದ ನೋವನ್ನೇ ಡಾಕ್ಟ್ರು ದೀರ್ಘಕಾಲದ ನೋವು ಅನ್ನೋದು.

ನೆಂಟರೆಲ್ಲ, "ಕೆಲಸ ಬಿಡ್ಸಿ, ಮನೇಲಿ ಆರಾಮಾಗಿರ್ಲಿ" ಅಂದ್ರು. ಮನೇಲಿ ಆರಾಮ ಎಲ್ಲೈತೆ ಹೇಳಿ? ಬಿಂದಿಗೆ ಹೊರೋದು, ಬಗ್ಗಿ ಕಸ ಗುಡಿಸೋದು, ಹತ್ತು ಜನಕ್ಕೆ ಮುದ್ದೆ ತೊಳಸೋದು, ಇವು ಸೊಂಟಕ್ಕೆ ಬಾಕ್ಸಿಗಿಂತ ಹಗುರವಾ? ಸಂಬಳ ಮಾತ್ರ ಇರಲ್ಲ. ಅವಳ ಸಂಬಳದಲ್ಲೇ ಮಗು ಸ್ಕೂಲ್ ಫೀಸು, ಸಂಘದ ಸಾಲದ ಕಂತು ನಡೀತಿದ್ದಿದ್ದು.

ಇಎಸ್‌ಐ ಇದ್ದಿದ್ದು ಪುಣ್ಯ. ಕಂತು ಸರಿಯಾಗಿ ಕಟ್ಟಿದ್ದು, ಅಲ್ಲಿನ ಡಾಕ್ಟ್ರು ಸರ್ಟಿಫಿಕೇಟ್ ಕೊಟ್ರೆ, ವರ್ಷಕ್ಕೆ 91 ದಿನದವರೆಗೂ ಕೂಲಿಯ ನೂರಕ್ಕೆ 70ರಷ್ಟು ದುಡ್ಡು ಸಿಗುತ್ತೆ. ಸಂಬಳ 21,000 ರೂಪಾಯಿ ಒಳಗಿರೋರಿಗೆ ಈ ಸೌಲಭ್ಯ. ನಿಮ್ಮ ಮನೆಯೋರ ಕಾರ್ಡು ಎಲ್ಲೈತೆ, ಒಂದ್ಸಲ ನೋಡಿಟ್ಕೊಳ್ಳಿ.

ಫಿಸಿಯೋಥೆರಪಿಯವರು ಹೇಳಿದ್ದು ಇಷ್ಟೇ: ಮಲಗೇ ಇರಬೇಡಿ, ದಿನಾ ನಡೀರಿ, ಹೇಳ್ಕೊಟ್ಟ ವ್ಯಾಯಾಮ ಬಿಡಬೇಡಿ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೋರು ಕೊಟ್ಟ ಸಲಹೇಲೂ ವ್ಯಾಯಾಮಕ್ಕೇ ಒತ್ತು. ಸೊಂಟದ ಬೆಲ್ಟು ಎಲ್ಲರಿಗೂ ಬೇಡ ಅಂದವ್ರೆ. ಲೋಕದಲ್ಲಿ 2020ರಲ್ಲಿ ಸುಮಾರು 62 ಕೋಟಿ ಜನಕ್ಕೆ ಈ ನೋವಿತ್ತಂತೆ! ಆದ್ರೆ ಕಾಲು ಸ್ವಾಧೀನ ತಪ್ಪಿದ್ರೆ, ಉಚ್ಚೆ ತಡೆಯೋಕಾಗದಿದ್ರೆ ಮಾತ್ರ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಡಾಕ್ಟ್ರ ಚೀಟಿ ತೋರಿಸಿ, ಮೊದಲು ಲೇಬಲ್ ಅಂಟಿಸೋ ಕೆಲಸ ಕೇಳಿ ತಗೊಂಡ್ಳು. ಗಂಟೆಗೊಂದ್ಸಲ ಎದ್ದು ನಾಕು ಹೆಜ್ಜೆ. ಭಾರದ ಬಾಕ್ಸು ಇಬ್ರು ಹಿಡಿಯೋದು. ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಜಾಸ್ತಿ. ಮನೇಲೂ ಹಂಗೇ: ನೀರು ಮಗನ ಪಾಲು, ಮುದ್ದೆ ನನ್ನ ಪಾಲು, ತರಕಾರಿ ಹೆಚ್ಚೋದು ನೆಲದಿಂದ ಕಟ್ಟೆ ಮೇಲಕ್ಕೆ ಬಂತು. ಕೆಲಸಕ್ಕೆ ವಾಪಸ್ ಕಳಿಸೋದು ಅಂದ್ರೆ ಮನೆ ಕೆಲಸಾನೂ ಹಂಚ್ಕೊಳ್ಳೋದು.

ನೋವು ಪೂರ್ತಿ ಹೋಗಿಲ್ಲ. ಚಳೀಲಿ ಬೆಳಗ್ಗೆ ಏಳುವಾಗ ಈಗ್ಲೂ ಗೋಡೆ ಹಿಡೀತಾಳೆ. ಪೂರ್ತಿ ಹೋಗ್ಲಿ ಅಂತ ಕಾದಿದ್ರೆ ಕೆಲಸ ಹೋಗ್ತಿತ್ತು. ಅಕ್ಕದಿರೇ, ಬಸ್ಸಲ್ಲಿ ಸಿಕ್ಕಾಗ "ಇನ್ನೂ ಬಿಟ್ಟಿಲ್ವಾ?" ಅನ್ನಬೇಡಿ. ಕೂರೋಕೆ ಒಂಚೂರು ಜಾಗ ಕೊಡಿ, ಅಷ್ಟು ಸಾಕು.